ಗೋಡೆಯ ಕೋವಿಗೆ ಮೇಕಪ್ ಬೇಕೇ?

ಕಾಪು ಕಡಲ ತೀರ. ಬೆಳಗಿನ ಏಳು ಗಂಟೆ. 1901ರಲ್ಲಿ ಕಟ್ಟಿದ ದೀಪಸ್ತಂಭ ಬಂಡೆಯ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದೆ. ಕೆಳಗೆ ಮರಳಿನ ಮೇಲೆ ಕ್ಯಾಮೆರಾ, ದೊಡ್ಡ ಕೊಡೆ, ಚಹಾದ ಫ್ಲಾಸ್ಕು, ಸುತ್ತ ನಿಂತ ನೂರಾರು ಜನ. ತಲೆಗೆ ಮುಂಡಾಸು ಸುತ್ತಿದ ನಾಯಕ ನಟ ಉದ್ದನೆಯ ಕೋವಿ ಹಿಡಿದು ಬಂಡೆಯ ಮರೆಯಿಂದ ಮೇಲೆದ್ದ. ಹಿಂದೆ ಅಲೆ ಅಪ್ಪಳಿಸಿತು. ಕೋವಿ ಗುರಿ ಹಿಡಿಯಿತು...

"ಕಟ್! ಓಕೆ!"

ನಾಯಕ ನಕ್ಕು ಕೋವಿಯನ್ನು ಪಕ್ಕದ ಹುಡುಗನತ್ತ ಎಸೆದುಬಿಟ್ಟ. ನೋಡುತ್ತಿದ್ದವರು "ಅಯ್ಯೋ!" ಎಂದರು. ಹುಡುಗ ಒಂದೇ ಕೈಯಲ್ಲಿ ಹಿಡಿದ! ಹಿಡಿಯದೆ ಏನು? ಅದು ಬರೀ ಮರ. ನಳಿಗೆಯೂ ಮರ, ಕುದುರೆಯೂ ಮರ, ಮೇಲೆ ಬಣ್ಣ ಅಷ್ಟೆ. ನಿಜದ್ದಾಗಿದ್ದರೆ ನಾಲ್ಕು ಕಿಲೋ ಮೀರಿದ ಆ ಉದ್ದದ ಕಬ್ಬಿಣ ಹುಡುಗನ ಕೈಬೆರಳು ಜಜ್ಜಿ ಹಾಕುತ್ತಿತ್ತು.

ಈ ಮರದ ಕೋವಿ ಹುಟ್ಟಿದ್ದರ ಹಿಂದೆ ಒಂದು ನಿಜದ ಕೋವಿಯ ಕಥೆ ಉಂಟು. ಚಿತ್ರದ ಕಥೆ ಹೇಗಿದೆಯೋ ನನಗೆ ಗೊತ್ತಿಲ್ಲ. ಆದರೆ ಈ ಕಥೆಯನ್ನು ಕಣ್ಣಾರೆ ಕಂಡಿದ್ದೇನೆ. ಕೇಳಿ.

ಅಳಿಯನ ಆಸೆ, ಮಾವನ ಚಿಂತೆ

ಕಾರ್ಕಳ ಪೇಟೆಯಿಂದ ಸ್ವಲ್ಪ ಒಳಗೆ ಹೋದರೆ ಹಂಚಿನ ಮಾಡಿನ ಒಂದು ಹಳೆಯ ಮನೆ. ಸುತ್ತ ಅಡಿಕೆ ತೋಟ, ಎದುರಿಗೆ ಗದ್ದೆ. ಯಜಮಾನರಿಗೆ ಎಪ್ಪತ್ತೈದು ದಾಟಿದೆ. "ನನ್ನ ಹೆಸರು ಹಾಕ್ಬೇಡಿ ಮಾರಾಯ್ರೆ" ಎಂದು ಮೊದಲೇ ಹೇಳಿಬಿಟ್ಟರು. ಅವರ ಸೋದರಳಿಯ ಕರೆಯುವ ಹಾಗೆ ನಾವೂ ಅವರನ್ನು "ಮಾವ" ಎಂದೇ ಕರೆಯೋಣ.

ಆ ಮನೆಯ ಚಾವಡಿಯ ಗೋಡೆಯಲ್ಲಿ ಎರಡು ಮರದ ಗೂಟ. ಗೂಟದ ಮೇಲೆ ಕೋವಿ. ಎಷ್ಟು ವರ್ಷದಿಂದ? ಮಾವ ಹುಟ್ಟುವ ಮೊದಲಿನಿಂದ. ಒಂದು ಕಾಲದಲ್ಲಿ ತೋಟಕ್ಕೆ ನುಗ್ಗುವ ಹಂದಿಯನ್ನು ಓಡಿಸಲಿಕ್ಕೆ, ಮಂಗನನ್ನು ಹೆದರಿಸಲಿಕ್ಕೆ ಅದು ಬೇಕಿತ್ತು. ಈಗ ಅದರಿಂದ ಆಗುವ ಕೆಲಸ ಒಂದೇ: ಲೈಸೆನ್ಸು ನವೀಕರಣಕ್ಕೆ ಓಡಾಟ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಯ್ದು ಠೇವಣಿ ಇಡಬೇಕು. ಫಲಿತಾಂಶ ಬಂದ ಮೇಲೆ ಹೋಗಿ ತರಬೇಕು. ತಂದಾಗ ಮೈ ತುಂಬ ಹೊಸ ತುಕ್ಕು!

"ಮಕ್ಕಳಿಬ್ಬರೂ ಮುಂಬೈಯಲ್ಲಿ. ಅವರಿಗೆ ಇದು ಬೇಡ. ನನ್ನ ಕಾಲಾನಂತರ ಇದನ್ನು ಯಾರು ನೋಡೋದು? ಠಾಣೆಗೇ ಒಪ್ಪಿಸಿಬಿಡ್ತೇನೆ ಅಂತ ತೀರ್ಮಾನ ಮಾಡಿದ್ದೆ" ಎಂದರು ಮಾವ.

ಆಗ ಬಂದ ನೋಡಿ ಅಳಿಯ! ಮಣಿಪಾಲದಲ್ಲಿ ನೌಕರಿ. ರಜೆ ಸಿಕ್ಕಿದರೆ ಚಿತ್ರಗಳ ಕಲಾ ವಿಭಾಗದಲ್ಲಿ ಕೈಯಾಡಿಸುವ ಹುಚ್ಚು. ಕಾಪುವಿನಲ್ಲಿ ಚಿತ್ರೀಕರಣವಾಗುವ ಹಳೆಗಾಲದ ಕಥೆಯೊಂದಕ್ಕೆ ಕೋವಿ ಬೇಕಿತ್ತು.

"ಮಾವ, ಠಾಣೆಗೆ ಕೊಡ್ಬೇಡಿ. ನಮ್ಮ ಪಿಕ್ಚರಿಗೆ ಕೊಡಿ. ಎಮರಿ ಪೇಪರ್ ಹಾಕಿ ತಿಕ್ಕಿ, ವಾರ್ನಿಶ್ ಹೊಡೆದು, ಪಳಪಳ ಮಾಡ್ತೇನೆ."

"ಹಳೇ ಕಾಲದ ಕಥೆಗೆ ಪಳಪಳ ಯಾಕೆ ಮಾರಾಯ?"

"ಆ ಕಾಲದಲ್ಲಿ ಅದು ಹೊಸತೇ ಅಲ್ವಾ ಮಾವ?"

ಮಾತು ಕೇಳಲಿಕ್ಕೆ ಸರಿಯಾಗಿಯೇ ಇದೆ, ಅಲ್ಲವೇ? ಮಾವನಿಗೂ ಹಾಗೇ ಅನ್ನಿಸಿತಂತೆ. ಅವರು ಮಧ್ಯಾಹ್ನ ಊಟ ಮಾಡಿ ಒಂದು ಗಳಿಗೆ ಮಲಗಿ ಏಳುವಷ್ಟರಲ್ಲಿ ಅಳಿಯ ಕೆಲಸ ಶುರು ಮಾಡಿದ್ದ. ಕೋವಿಯ ಹಿಂಬದಿಯಲ್ಲಿ, ಹೆಗಲಿಗೆ ಊರುವ ಕಡೆ, ಅಂಗೈ ಅಗಲದಷ್ಟು ಜಾಗ ತಿಕ್ಕಿ ಬೆಳ್ಳಗೆ ಮಾಡಿ ಇಟ್ಟಿದ್ದ. ನೂರು ವರ್ಷ ಕೈ ತಾಗಿ, ಹೊಗೆ ತಾಗಿ, ಎಣ್ಣೆ ಕುಡಿದು ಕಪ್ಪು ಕೆಂಪಾಗಿದ್ದ ಮರದ ಮಧ್ಯೆ ಹೊಸ ಹಲಗೆಯ ಹಾಗೆ ಒಂದು ಬೋಳು!

ಮಾವನಿಗೆ ಎದೆ ಧಸಕ್ ಅಂದಿತು. "ನನ್ನ ಸೋದರಮಾವನ ಗಲ್ಲ ತಾಗ್ತಾ ಇದ್ದ ಜಾಗ ಅದು. ತಿಕ್ಕಿ ತೆಗೆದುಬಿಟ್ಟೆಯಲ್ಲ!" ಎಂದರಂತೆ. ಅಳಿಯನ ಕೈ ಅಲ್ಲಿಗೇ ನಿಂತಿತು.

ಬೆಡಿ, ಕೋವಿ, ರೈಫಲ್

ಕಥೆ ಮುಂದುವರಿಸುವ ಮೊದಲು ಒಂದು ಮಾತು. ತುಳುವಿನಲ್ಲಿ ಕೋವಿಗೆ "ಬೆಡಿ" ಅನ್ನುತ್ತಾರೆ. ಈ ಮನೆಯವರು ಮಾತ್ರ ಇದನ್ನು ಜಂಬದಿಂದ "ರೈಫಲ್" ಎನ್ನುತ್ತಿದ್ದರು. ಲೈಸೆನ್ಸಿನಲ್ಲಿ ಇರುವುದು "ಎಸ್.ಬಿ.ಎಂ.ಎಲ್." ಎಂದು. ಅಂದರೆ ಒಂಟಿ ನಳಿಗೆಯ, ಬಾಯಿಯಿಂದ ಈಡು ತುಂಬುವ ಕೋವಿ.

ಇದಕ್ಕೆ ಈಗಿನ ಹಾಗೆ ತೋಟಾ ಇಲ್ಲ. ನಳಿಗೆಯ ಬಾಯಿಂದ ಮೊದಲು ಮದ್ದು, ಮೇಲೆ ತೆಂಗಿನ ನಾರು ಇಲ್ಲವೇ ಕಾಗದದ ಉಂಡೆ, ಆಮೇಲೆ ಚರೆ, ಅದರ ಮೇಲೆ ಮತ್ತೊಂದು ಉಂಡೆ. ಎಲ್ಲವನ್ನೂ ಉದ್ದದ ಸರಳಿನಿಂದ ಜಡಿಯಬೇಕು. ಆ ಸರಳಿಗೆ "ಗಜ" ಎಂದು ಹೆಸರು. ನಳಿಗೆಯ ಬುಡದಲ್ಲಿ ತೂತಿರುವ ಸಣ್ಣ ಮೊಳೆ. ಅದರ ಮೇಲೆ ತಾಮ್ರದ ಕೇಪು. ಟ್ರಿಗರ್ ಎಳೆದರೆ "ಕುದುರೆ" ಬಂದು ಕೇಪಿಗೆ ಬಡಿಯುತ್ತದೆ, ಕಿಡಿ ಒಳಗೆ ಹಾರುತ್ತದೆ, ಢಂ!

1961ರಲ್ಲಿ ಬಿ. ಆರ್. ಪಂತುಲು ಅವರ "ಕಿತ್ತೂರು ಚೆನ್ನಮ್ಮ" ಬಂತಲ್ಲ, ಬಿ. ಸರೋಜಾದೇವಿ ರಾಣಿಯಾಗಿ ಮೆರೆದದ್ದು? ಆ ಕಿತ್ತೂರಿನ ಕಾಳಗ ನಡೆದದ್ದು 1824ರಲ್ಲಿ. ಆಗಿನ ಕೋವಿಗಳಿಗೆ ಕೇಪು ಇರಲಿಲ್ಲ, ಚಕಮಕಿ ಕಲ್ಲು. ಕೇಪು ಸೈನ್ಯಕ್ಕೆ ಬಂದದ್ದು ಆಮೇಲೆ. 1857ರ ದಂಗೆಗೆ ಕಿಡಿ ಹೊತ್ತಿಸಿದ ಕೊಬ್ಬು ಸವರಿದ ತೋಟೆಯ ಗಲಾಟೆ ಎದ್ದದ್ದು 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನಿಂದ. 39 ಇಂಚು ಉದ್ದದ ನಳಿಗೆ, ಅದನ್ನು ಮರಕ್ಕೆ ಬಿಗಿಯುವ ಮೂರು ಪಟ್ಟಿ, ಒಳಗೆ ಗುಂಡನ್ನು ತಿರುಗಿಸುವ ಮೂರು ಸುರುಳಿ ಗೀರು. ಆ ಗೀರು ಇದ್ದರೆ ರೈಫಲ್. ನುಣುಪಾಗಿದ್ದರೆ ಚರೆ ಹಾರಿಸುವ ಕೋವಿ.

ಮಾವನ ಕೋವಿಗೂ ಮೂರು ಪಟ್ಟಿ ಇತ್ತು. ಒಳಗೆ? ಅದನ್ನು ನೋಡಬೇಕಾದರೆ ತಿಳಿದವರ ಹತ್ತಿರ ಹೋಗಬೇಕು. ಹಾಗಾಗಿ ಹೊರಟೆವು ಉಡುಪಿಗೆ. ಲೈಸೆನ್ಸು ಪುಸ್ತಕ ಮಾವನ ಜೇಬಿನಲ್ಲಿ. ಗೋಣಿಯಲ್ಲಿ ಸುತ್ತಿದ ಕೋವಿ ಜೀಪಿನ ಹಿಂದಿನ ಸೀಟಿನಲ್ಲಿ, ನನ್ನ ಮತ್ತು ಅಳಿಯನ ತೊಡೆಯ ಮೇಲೆ. ನಳಿಗೆಯ ಬಾಯಿ ನನ್ನ ಪಕ್ಕೆಯ ಕಡೆಗೆ. ಇದನ್ನು ನೆನಪಿಟ್ಟುಕೊಳ್ಳಿ!

ಗಜ ಹೇಳಿದ ಗುಟ್ಟು

ರಿಪೇರಿಗೆ ಪರವಾನಗಿ ಇರುವ ಕೋವಿ ಅಂಗಡಿ. ಅಲ್ಲಿ ನಲವತ್ತು ವರ್ಷ ಕೈ ಪಳಗಿಸಿದ ಆಚಾರ್ರು. ಮರವೂ ಗೊತ್ತು, ಕಬ್ಬಿಣವೂ ಗೊತ್ತು. ಮಾತು ಮಾತ್ರ ಕಡಿಮೆ.

ಅಳಿಯ ಗೋಣಿ ಬಿಚ್ಚಿ, ಬೆಳ್ಳಗಾದ ಜಾಗ ತೋರಿಸಿ, ವಾರ್ನಿಶ್ ವಿಚಾರ ಎತ್ತಿದ. ಆಚಾರ್ರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ನಳಿಗೆಯ ಬಾಯನ್ನು ಜನವಿಲ್ಲದ ಕಡೆಗೆ ತಿರುಗಿಸಿದರು. ಕೇಪಿನ ಮೊಳೆ ಬರಿದಾಗಿದೆಯೇ ಎಂದು ನೋಡಿದರು. ಮರದಡಿಯಿಂದ ಗಜ ಎಳೆದು ನಳಿಗೆಯೊಳಗೆ ಮೆಲ್ಲಗೆ ಇಳಿಸಿದರು. ಟಕ್ ಎಂದು ನಿಂತಿತು. ಬಾಯಿಯ ಮಟ್ಟಕ್ಕೆ ಗಜವನ್ನು ಹೆಬ್ಬೆರಳಿನಿಂದ ಹಿಡಿದು ಹೊರಗೆ ತೆಗೆದರು. ಈಗ ಅದನ್ನು ನಳಿಗೆಯ ಹೊರಮೈಗೆ ಹಿಡಿದು ಅಳತೆ ನೋಡಿದರು.

ಗಜದ ತುದಿ ಮುಟ್ಟಬೇಕಾದದ್ದು ಕೇಪಿನ ಮೊಳೆಯ ಹತ್ತಿರ. ಅಲ್ಲಿಗೆ ಇನ್ನೂ ನಾಲ್ಕು ಬೆರಳು ಬಾಕಿ ಇತ್ತು!

"ಯಾರು ಈಡು ತುಂಬಿದ್ದು?" ಎಂದರು ಆಚಾರ್ರು.

ಅಂಗಡಿಯಲ್ಲಿ ಸದ್ದಿಲ್ಲ. ಮಾವನ ಮುಖ ಬಿಳುಚಿತು. ಅವರು ಆ ಕೋವಿಗೆ ಈಡು ತುಂಬಿಯೇ ಇರಲಿಲ್ಲ. ತುಂಬಿದ್ದರೆ ಅವರ ಸೋದರಮಾವ. ಅವರು ತೀರಿಹೋಗಿ ಐವತ್ತು ವರ್ಷ!

ಮದ್ದು ಹಳತಾದರೆ ಸತ್ತುಹೋಗುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ತಪ್ಪು. ಕರಿಮದ್ದಿನಲ್ಲಿ ಇರುವುದು ಪೆಟ್ಲುಪ್ಪು, ಗಂಧಕ, ಇದ್ದಿಲು. ಒಣಗಿದ್ದರೆ ಇವು ಮೂರೂ ತಲೆಮಾರು ಕಳೆದರೂ ಹಾಗೆಯೇ ಇರುತ್ತವೆ. ಮೇಲೆ ಬಿಗಿಯಾದ ಉಂಡೆ ಕೂತರೆ ನಮ್ಮ ಮಳೆಗಾಲದ ತೇವವೂ ಒಳಗೆ ಸುಲಭವಾಗಿ ಇಳಿಯುವುದಿಲ್ಲ. ಆ ಕೋವಿಗೆ ಢಂ ಎನ್ನಲು ಕೊರತೆ ಇದ್ದದ್ದು ಒಂದೇ, ತೊಗರಿಬೇಳೆ ಗಾತ್ರದ ಒಂದು ಕೇಪು.

ಅಳಿಯ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದ: "ಮಾವ... ಚಿಕ್ಕವನಿದ್ದಾಗ ರಜೆಯಲ್ಲಿ ಬಂದಾಗ, ನೀವು ತೋಟಕ್ಕೆ ಹೋದ ಮೇಲೆ, ನಾನು ಅದನ್ನು ಕೆಳಗಿಳಿಸಿ ಆಡ್ತಿದ್ದೆ. ತಂಗಿಯನ್ನು ಕಂಬಕ್ಕೆ ನಿಲ್ಲಿಸಿ, ಪಿಕ್ಚರಿನ ವಿಲನ್ ಹಾಗೆ ಗುರಿ ಹಿಡಿದು, ಕುದುರೆ ಎಳೆದು ಬಿಡ್ತಿದ್ದೆ. ಎಷ್ಟು ಸಲ ಅಂತ ಲೆಕ್ಕ ಇಲ್ಲ."

ಮಾವ ಏನೂ ಹೇಳಲಿಲ್ಲ. ಅಳಿಯನ ತಲೆಯ ಮೇಲೆ ಕೈಯಿಟ್ಟರು, ಅಷ್ಟೆ. ಇಷ್ಟು ಚುನಾವಣೆಗೆ ಕೋವಿ ಠಾಣೆಗೆ ಹೋಗಿ ಬಂದಿತ್ತು. ವರ್ಷವೂ ಆಯುಧ ಪೂಜೆಗೆ ಕೆಳಗಿಳಿದು ಕುಂಕುಮ ಇಡಿಸಿಕೊಂಡಿತ್ತು. ಒಬ್ಬರಾದರೂ ಗಜ ಇಳಿಸಿ ನೋಡಿರಲಿಲ್ಲ. ನನಗಂತೂ ಜೀಪಿನಲ್ಲಿ ಪಕ್ಕೆಗೆ ಒತ್ತುತ್ತಿದ್ದ ನಳಿಗೆಯ ಬಾಯಿ ನೆನಪಾಗಿ ಬೆವರಿಳಿಯಿತು!

ಬ್ರೂಸ್ ಲೀ ಮಗನಿಗೆ ಆದದ್ದೂ ಇದೇ

ಚಿತ್ರರಸಿಕರಿಗೆ ಬ್ರೂಸ್ ಲೀ ಗೊತ್ತು. ಅವನ ಮಗ ಬ್ರ್ಯಾಂಡನ್ ಲೀ ಸತ್ತದ್ದು ಹೇಗೆ, ಗೊತ್ತೇ? 1993ರ ಮಾರ್ಚ್ 31, "ದಿ ಕ್ರೋ" ಚಿತ್ರದ ಸೆಟ್ಟು. ಕೋವಿಯಲ್ಲಿ ಇದ್ದದ್ದು ಬರೀ ಸದ್ದು ಮಾಡುವ ಹುಸಿ ತೋಟಾ. ಆದರೆ ಹಿಂದೆ ಯಾವುದೋ ದೃಶ್ಯಕ್ಕೆ ಬಳಸಿದ ನಕಲಿ ತೋಟಾದ ಗುಂಡು ಕಳಚಿ ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು. ಯಾರೂ ಒಳಗೆ ನೋಡಲಿಲ್ಲ. ಹುಸಿ ತೋಟಾದ ರಭಸಕ್ಕೆ ಆ ಗುಂಡು ಹಾರಿ ಹೊಟ್ಟೆಗೆ ಹೊಕ್ಕಿತು. ಆಗ ಅವನಿಗೆ 28 ವರ್ಷ.

2021ರ ಅಕ್ಟೋಬರ್ 21ರಂದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಮತ್ತೆ ಅದೇ ಪಾಡು. ನಟ ಅಲೆಕ್ ಬಾಲ್ಡ್‌ವಿನ್ ಕೈಯಲ್ಲಿದ್ದ ರಿವಾಲ್ವರಿನಿಂದ ನಿಜದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು, ನಿರ್ದೇಶಕರಿಗೂ ಗಾಯ. ಸೆಟ್ಟಿನ ಆಯುಧಗಳ ಹೊಣೆ ಹೊತ್ತಿದ್ದ ಯುವತಿಗೆ 2024ರಲ್ಲಿ 18 ತಿಂಗಳ ಸೆರೆವಾಸ ಆಯಿತು. ಆ ಚಿತ್ರದ ಹೆಸರು ಏನೆಂದುಕೊಂಡಿರಿ? "ರಸ್ಟ್". ಅಂದರೆ ತುಕ್ಕು!

ಇದನ್ನು ನಾನು ಅಂಗಡಿಯಲ್ಲಿ ಹೇಳಿದಾಗ ಆಚಾರ್ರು ತಲೆಯಾಡಿಸಿದರು. "ತುಕ್ಕು ಕಣ್ಣಿಗೆ ಕಾಣ್ತದೆ. ಒಳಗಿನ ಈಡು ಕಾಣುದಿಲ್ಲ. ಜನ ಕಾಣುವುದನ್ನು ಮಾತ್ರ ತಿಕ್ಕುದು."

ಈಡು ತೆಗೆಯಲು ಅವರು ಅವಸರ ಮಾಡಲಿಲ್ಲ. ಬಿಸಿ ತಾಗಿಸಲಿಲ್ಲ, ಕೊರೆಯಲಿಲ್ಲ. ನಳಿಗೆಯೊಳಗೆ ನೀರು ಹನಿಸಿ ಮದ್ದು ನೆನೆಯಲು ಬಿಟ್ಟರು. ಮೂರನೆಯ ದಿನ ಗಜದ ತುದಿಗೆ ಸುರುಳಿ ಮೊಳೆ ಸಿಕ್ಕಿಸಿ, ಬಾಟ್ಲಿಯ ಬಿರಡೆ ಎಳೆಯುವ ಹಾಗೆ ಉಂಡೆಯನ್ನು ಎಳೆದರು. ಬಂತು ತೆಂಗಿನ ನಾರು. ಹಿಂದೆಯೇ ಹತ್ತೊಂಬತ್ತು ಚರೆ. ಅದರಡಿ ಒಂದು ಕಾಗದದ ಉಂಡೆ. ಕೊನೆಗೆ ಕೆಸರಿನಂಥ ಕಪ್ಪು ಮದ್ದು. ಕಾಗದ ಬಿಡಿಸಿದರೆ ಮಾಸಿದ ಗುಲಾಬಿ ಬಣ್ಣ. ಒಂದು ಮೂಲೆಯಲ್ಲಿ ಓದಲಿಕ್ಕೆ ಆದದ್ದು ಇಷ್ಟೇ: "ದಿನಾ 2 ಆಟ". ಟೂರಿಂಗ್ ಟಾಕೀಸಿನ ಹ್ಯಾಂಡ್‌ಬಿಲ್ಲು! ಯಾವ ಚಿತ್ರವೋ, ಆ ಭಾಗ ಹರಿದುಹೋಗಿತ್ತು.

ಈ ಕೆಲಸವನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ. ಗಜ ಗಿಡ್ಡವಾಗಿ ನಿಂತಿತೋ, ಕೋವಿಯನ್ನು ಹಾಗೆಯೇ ಪರವಾನಗಿ ಇರುವವರಿಗೆ ಒಪ್ಪಿಸಿ.

ಮರದ ಮೈಗೆ ಉಗಿ ಸ್ನಾನ

ಇನ್ನು ರಿಪೇರಿ. ಆಚಾರ್ರ ಮೊದಲ ಆಜ್ಞೆ: ಎಮರಿ ಪೇಪರ್ ಅಂಗಡಿಯ ಹೊರಗೆ!

ಮರವನ್ನು ತಿಕ್ಕಿದರೆ ಏನಾಗುತ್ತದೆ? ಕೋವಿಯ ಮರ ಮತ್ತು ಲೋಹ ಮಾಡಿದವರ ಕೈಯಲ್ಲಿ ಒಂದೇ ಮಟ್ಟಕ್ಕೆ ಕೂತಿರುತ್ತವೆ, ಉಗುರು ಎಳೆದರೂ ತಡೆಯುವುದಿಲ್ಲ. ಮರ ತಿಕ್ಕಿದಿರೋ, ಮರ ತಗ್ಗುತ್ತದೆ, ಲೋಹ ಹೊರಗೆ ಉಬ್ಬಿ ನಿಲ್ಲುತ್ತದೆ. ಚೂಪಾದ ಅಂಚುಗಳು ಸಾಬೂನಿನ ಹಾಗೆ ದುಂಡಗಾಗುತ್ತವೆ. ಮರದಲ್ಲಿ ಒತ್ತಿದ ಮುದ್ರೆಗಳು ಹೊರಟುಹೋಗುತ್ತವೆ. ಹೋದದ್ದು ಹೋಯಿತು, ತಿರುಗಿ ಬರುವುದಿಲ್ಲ.

ಆಚಾರ್ರು ಮಾಡಿದ್ದು ಇಷ್ಟು. ತಿರುಪುಗಳ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಆರಿಸಿ, ಒಂದೊಂದಾಗಿ ಬಿಚ್ಚಿ, ಯಾವುದು ಎಲ್ಲಿಯದು ಎಂದು ರಟ್ಟಿನ ಮೇಲೆ ಚುಚ್ಚಿಟ್ಟರು. ಹಳೆಯ ತಿರುಪುಗಳನ್ನು ಕೈಯಿಂದ ಮಾಡಿದ್ದು, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಮರದ ಮೇಲಿನ ಜಿಡ್ಡನ್ನು ಟರ್ಪೆಂಟೈನಿನಲ್ಲಿ ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿದರು. ಒರೆಸಿದ್ದು ಕೊಳೆಯನ್ನು, ಬಣ್ಣವನ್ನಲ್ಲ.

ಪೆಟ್ಟು ಬಿದ್ದು ತಗ್ಗಾದ ಜಾಗಗಳಿದ್ದವು. ಅಲ್ಲಿಗೆ ಒದ್ದೆ ಬಟ್ಟೆ ಹಾಕಿ, ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆಯ ಮೂಗನ್ನು ಒತ್ತಿದರು. ಚುಸ್ ಎಂದು ಉಗಿ! ಪೆಟ್ಟು ಬಿದ್ದಲ್ಲಿ ಮರದ ನಾರು ಹೋಗಿರುವುದಿಲ್ಲ, ಅಮುಕಿ ಕೂತಿರುತ್ತದೆ. ಉಗಿ ಕುಡಿದು ಅದು ಉಬ್ಬುತ್ತದೆ. ಎರಡು ಮೂರು ಸಲಕ್ಕೆ ತಗ್ಗು ಅರ್ಧಕ್ಕರ್ಧ ಮೇಲೆ ಬಂತು. ಚಿಪ್ಪು ಹಾರಿದ ಜಾಗಕ್ಕೆ ಮಾತ್ರ ಈ ಮದ್ದು ನಾಟುವುದಿಲ್ಲ.

ಕೈ ಹಿಡಿಯುವ ಸಪೂರ ಜಾಗದಲ್ಲಿ ಹಿಂದೆಂದೋ ಬಿರುಕು ಬಿಟ್ಟಿತ್ತು. ಯಾರೋ ತಾಮ್ರದ ತಂತಿ ಸುತ್ತಿ ಬಿಗಿದಿದ್ದರು. "ಇದನ್ನು ತೆಗೆದು ಚಂದ ಮಾಡ್ಲಿಕ್ಕೆ ಆಗ್ತದಾ?" ಎಂದು ಅಳಿಯ ಕೇಳಿದ. "ಆಗ್ತದೆ. ಆದರೆ ಕಟ್ಟಿದವನೂ ನನ್ನ ಹಾಗೇ ಒಬ್ಬ ಆಚಾರಿ. ಅವನ ಕೆಲಸ ಇನ್ನೂ ಗಟ್ಟಿ ಉಂಟು. ಇರಲಿ" ಎಂದರು ಆಚಾರ್ರು.

ಕೊನೆಗೆ ಎಣ್ಣೆ. ನಮ್ಮ ಕರಾವಳಿಯಲ್ಲಿ ತಲೆಗೂ ತೆಂಗಿನೆಣ್ಣೆ, ಬಾಗಿಲಿಗೂ ತೆಂಗಿನೆಣ್ಣೆ. ಮಾವ ಅದನ್ನೇ ಕೋವಿಗೂ ಸವರುತ್ತಿದ್ದರು. ಅದು ಒಣಗುವ ಎಣ್ಣೆಯಲ್ಲ. ಅಂಟಂಟಾಗಿ ಉಳಿದು, ಧೂಳು ಹಿಡಿದು, ಕಮಟು ವಾಸನೆ ಬರುತ್ತದೆ. ಮಾಡಿನ ಪಕಾಸಿಗೆ ಗೆದ್ದಲು ಬಾರದಂತೆ ಬಳಿಯುವ ಗೇರೆಣ್ಣೆಯೂ ಇಲ್ಲಿ ಸಲ್ಲ, ಮರವನ್ನು ಮಸಿ ಮಾಡಿಬಿಡುತ್ತದೆ. ಇದಕ್ಕೆ ಬೇಕಾದದ್ದು ಅಗಸೆ ಎಣ್ಣೆ. ಗಾಳಿ ತಾಗಿದಂತೆ ಅದು ಗಟ್ಟಿಯಾಗಿ ಮರದೊಳಗೇ ತೆಳು ಪದರ ಕಟ್ಟುತ್ತದೆ. ಅಂಗೈಗೆ ನಾಲ್ಕೇ ಹನಿ, ಕೈ ಬಿಸಿಯಾಗುವವರೆಗೆ ಉಜ್ಜು, ಉಳಿದದ್ದು ಒರೆಸು, ಒಣಗಲು ಬಿಡು. ಆಮೇಲೆ ಮತ್ತೆ ನಾಲ್ಕು ಹನಿ. ಮಳೆಗಾಲದಲ್ಲಿ ಒಂದು ಸಲದ್ದು ಒಣಗಲು ವಾರವೇ ಬೇಕು. ಅವಸರದವರಿಗೆ ಈ ಕೆಲಸ ಅಲ್ಲ.

ಒಂದು ಎಚ್ಚರಿಕೆ! ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಬಿಡಿಸಿ ಹರಡಿ ಒಣಗಿಸಿ.

ಅಳಿಯ ಬೋಳು ಮಾಡಿದ ಅಂಗೈ ಅಗಲದ ಜಾಗ? ಎಣ್ಣೆ ಕುಡಿದು ಸ್ವಲ್ಪ ಕಂದಿತು. ಆದರೆ ಇಂದಿಗೂ ಗುರುತು ಸಿಗುತ್ತದೆ. "ನಿನ್ನ ಮೊಮ್ಮಕ್ಕಳ ಕಾಲಕ್ಕೆ ಸರಿಯಾಗ್ತದೆ" ಎಂದರು ಆಚಾರ್ರು, ನಗದೆ.

ತುಕ್ಕಿನಲ್ಲಿ ಎರಡು ಬಗೆ

ಕಬ್ಬಿಣಕ್ಕೆ ಬರೋಣ. ತುಕ್ಕೆಂದರೆ ಎಲ್ಲ ಒಂದೇ ಅಲ್ಲ. ಬೆರಳು ತಾಗಿಸಿದರೆ ಕೆಂಪು ಪುಡಿ ಹತ್ತುತ್ತದಲ್ಲ, ಅದು ಕಬ್ಬಿಣವನ್ನು ತಿನ್ನುವ ತುಕ್ಕು. ಅದನ್ನು ನಿಲ್ಲಿಸಲೇಬೇಕು. ನುಣುಪಾಗಿ, ಗಟ್ಟಿಯಾಗಿ, ಕಾಫಿ ಬಣ್ಣಕ್ಕೆ ತಿರುಗಿದ ಹಳೆಯ ಕಂದು ಇದೆಯಲ್ಲ, ಅದು ಕಬ್ಬಿಣದ ಚರ್ಮ. ಹಿಂದೆ ಎಷ್ಟೋ ಕೋವಿಗಳ ನಳಿಗೆಗೆ ಬೇಕೆಂದೇ ತೆಳುವಾಗಿ ತುಕ್ಕು ಬರಿಸಿ, ಉಜ್ಜಿ, ಮತ್ತೆ ಬರಿಸಿ ಆ ಕಂದು ಬಣ್ಣ ಕಟ್ಟುತ್ತಿದ್ದರು. ಬೇಟೆಗಾರನ ಕೈಯಲ್ಲಿ ನಳಿಗೆ ಮಿಂಚಬಾರದಲ್ಲ! ಅಂಥದ್ದನ್ನು ತಿಕ್ಕಿ ಬೆಳ್ಳಿಯಂತೆ ಮಾಡುವುದೆಂದರೆ ಚರ್ಮ ಸುಲಿದ ಹಾಗೆ.

ಆಚಾರ್ರು ಕೆಂಪು ತುಕ್ಕಿನ ಮೇಲೆ ತೆಳು ಎಣ್ಣೆ ಹಚ್ಚಿ ಎರಡು ದಿನ ಬಿಟ್ಟರು. ಆಮೇಲೆ ತಾಮ್ರದ ತಗಡಿನ ಅಂಚಿನಿಂದ ಕೆರೆದರು. ತಾಮ್ರ ಕಬ್ಬಿಣಕ್ಕಿಂತ ಮೆದು, ತುಕ್ಕು ಎದ್ದು ಬರುತ್ತದೆ, ಕೆಳಗಿನ ಲೋಹಕ್ಕೆ ಗೀರು ಬೀಳುವುದಿಲ್ಲ. ಉಳಿದದ್ದಕ್ಕೆ ಅತಿ ಸಣ್ಣ ಎಳೆಯ ಉಕ್ಕಿನ ನಾರು, ಅದೂ ಎಣ್ಣೆಯಲ್ಲಿ ಅದ್ದಿ. ನಳಿಗೆಯ ಒಳಗನ್ನು ಕುದಿನೀರಿನಿಂದ ತೊಳೆದರು. ಕೋವಿಗೆ ನೀರೇ ಎಂದು ಹೆದರಬೇಡಿ. ಸುಟ್ಟ ಮದ್ದಿನ ಕರಿಯಲ್ಲಿ ಹೆಚ್ಚಿನದು ಉಪ್ಪು, ಅದು ಕರಗುವುದು ನೀರಿಗೆ, ಎಣ್ಣೆಗಲ್ಲ. ಕುದಿನೀರಾದರೆ ಕಬ್ಬಿಣವೇ ಬಿಸಿಯಾಗಿ ಬೇಗ ಒಣಗುತ್ತದೆ. ಒಣಗಿದ ಕೂಡಲೇ ಎಣ್ಣೆ.

ಹಿತ್ತಾಳೆಯ ಭಾಗಗಳನ್ನು ಮಾವನ ಮನೆಯಲ್ಲಿ ವರ್ಷವೂ ಹುಣಸೆಹುಳಿ ಹಾಕಿ ಬೆಳಗುತ್ತಿದ್ದರು, ದೀಪದ ಹಾಗೆ. ಆ ಹುಳಿ ಪಕ್ಕದ ಕಬ್ಬಿಣದ ತಿರುಪಿಗೆ ಇಳಿದು ತಿನ್ನುತ್ತಿತ್ತು. ಆಯುಧ ಪೂಜೆಯ ಒದ್ದೆ ಗಂಧವೂ ಹಾಗೆಯೇ. "ಪೂಜೆ ಮಾಡಿ, ಬೇಡ ಹೇಳುದಿಲ್ಲ. ಸಂಜೆ ಒರೆಸಿ ಎಣ್ಣೆ ಹಾಕಿ" ಎಂದರು ಆಚಾರ್ರು. ಕೊಡಗಿನವರನ್ನು ನೋಡಿ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದು ಹಬ್ಬಕ್ಕೆ ಕೋವಿಯನ್ನು ಒರೆಸಿ ಶುಚಿ ಮಾಡಿ, ನಳಿಗೆಗೆ "ತೋಕ್ ಪೂ" ಸಿಕ್ಕಿಸಿ ಪೂಜಿಸುತ್ತಾರೆ. ಕೋವಿಯ ಹೂವೆಂದೇ ಅದರ ಹೆಸರು!

ಲಾಕಿನ ತಗಡಿನ ತುಕ್ಕು ಎದ್ದಾಗ ನಾವೆಲ್ಲ ಬಗ್ಗಿ ನೋಡಿದೆವು. ಒಂದು ಕಿರೀಟ. ಅದರ ಆಚೆ "ಟವರ್" ಎಂಬ ಇಂಗ್ಲಿಷ್ ಅಕ್ಷರಗಳು. ಮೇಲೆ "18" ಎಂಬ ಎರಡು ಅಂಕಿ. ಮುಂದಿನ ಎರಡನ್ನು ತುಕ್ಕು ತಿಂದಿತ್ತು. ಬ್ರಿಟಿಷ್ ಸರಕಾರದ ಕೋವಿಗಳ ಮೇಲೆ ಒತ್ತುತ್ತಿದ್ದ ಮುದ್ರೆ ಅದು. ಅಳಿಯ ಕುಣಿದಾಡಿದ. ಆಚಾರ್ರು ತಣ್ಣೀರೆರಚಿದರು: "ಆ ಮುದ್ರೆಯನ್ನು ಕದ್ದು ಒತ್ತಿದವರೂ ಇದ್ದರು. ಮುದ್ರೆ ಒಂದೇ ಸಾಕ್ಷಿ ಅಲ್ಲ." ನಳಿಗೆಯೊಳಗೆ ಗೀರು ಇರಲಿಲ್ಲ. ಯಾರೋ ಕೊರೆದು ನುಣುಪು ಮಾಡಿದ್ದ ಗುರುತು ಇತ್ತು. ಹೊರಗೆ ರೈಫಲ್, ಒಳಗೆ ಕೋವಿ!

ಅಳಿಯನ ಎಮರಿ ಪೇಪರ್ ಮೊದಲು ಲಾಕಿನ ಮೇಲೆ ಓಡಿದ್ದರೆ ಕಿರೀಟವೂ ಇಲ್ಲ, ಟವರೂ ಇಲ್ಲ.

ಮಣಿಪಾಲದ ಪಾಠ

ಊರಿಗೆ ಮರಳುವ ಮೊದಲು ಅಳಿಯ ನಮ್ಮನ್ನು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಕರೆದೊಯ್ದ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈ ಅವರು ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ಮರಕ್ಕೆ ಮರ ಜೋಡಿಸಿ ಮತ್ತೆ ನಿಲ್ಲಿಸ ಹೊರಟ ಜಾಗ. ಕಾರ್ಕಳ ಕಡೆಯ ಮಿಯಾರು ಮನೆಯೂ ಅಲ್ಲಿದೆ. ಕಂಬಗಳನ್ನು ನೋಡಿ: ಸವೆದಲ್ಲಿ ಸವೆದಿವೆ, ಕೈ ತಾಗಿದಲ್ಲಿ ಹೊಳೆಯುತ್ತವೆ. ಹೊಸತಾಗಿ ಮಾಡಿದ್ದರೆ ಅದನ್ನು ನೋಡಲು ಯಾರು ಬರುತ್ತಿದ್ದರು?

ಒಂದು ಕಂಬಕ್ಕೆ ಕೈಯಿಟ್ಟು ಮಾವ ಬಹಳ ಹೊತ್ತು ನಿಂತರು. "ಠಾಣೆಗೆ ಕೊಡುದಿಲ್ಲ" ಎಂದರು ಆಮೇಲೆ. "ಮನೆಯಲ್ಲೇ ಇರಲಿ."

"ಪಿಕ್ಚರಿಗೆ?" ಎಂದೆ.

"ಅಲ್ಲಿಗೂ ಇಲ್ಲ!" ಎಂದದ್ದು ಅಳಿಯ.

ಕಾನೂನೂ ಅದನ್ನೇ ಹೇಳುತ್ತದೆ. 1959ರ ಆಯುಧ ಕಾಯ್ದೆಯ ಪ್ರಕಾರ ಒಬ್ಬರ ಲೈಸೆನ್ಸಿನ ಕೋವಿಯನ್ನು ಇನ್ನೊಬ್ಬರಿಗೆ ಶೂಟಿಂಗಿಗೆಂದು ಕೈಗಡ ಕೊಡುವಂತಿಲ್ಲ. ರಿಪೇರಿ ವ್ಯಾಪಾರಕ್ಕೂ ಪರವಾನಗಿ ಬೇಕು. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು ಅಪರಾಧ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಐದು ವರ್ಷ, ಒಬ್ಬರಿಗೆ ಎರಡೇ ಆಯುಧ. ಅಜ್ಜನ ಕಾಲದ್ದು ಎಂದ ಮಾತ್ರಕ್ಕೆ ವಿನಾಯಿತಿ ಇಲ್ಲ. ರಿಪೇರಿ ಮಾಡಿದರೂ ಹಾರದಂಥ ಹಳೆಯ ಆಯುಧದ ಮಾತು ಬೇರೆ. ಅದನ್ನು ನಿರ್ಣಯಿಸುವುದು ಮಾತ್ರ ನೀವು ನಾನು ಅಲ್ಲ.

ಮತ್ತೆ ಅದರಲ್ಲಿ ಈಡು ಹಾರಿಸಬಹುದೇ? ಆಚಾರ್ರು ಖಡಾಖಂಡಿತ ಬೇಡ ಎಂದಿದ್ದಾರೆ. ತುಕ್ಕು ತಿಂದ ಗುಳಿಗಳಿರುವ ನಳಿಗೆ ಯಾವಾಗ ಸೀಳುತ್ತದೆ ಎಂದು ಹೇಳಲಾಗದು.

ಕಟ್... ಓಕೆ!

ಹೀಗೆ ಹುಟ್ಟಿತು ಕಾಪುವಿನ ಮರದ ಕೋವಿ. ಮಾವನ ಕೋವಿಯ ಅಳತೆ ಹಿಡಿದು ಅದನ್ನು ಕೆತ್ತಿಸಿದ್ದು ಅಳಿಯನೇ. ನಾಯಕನ ಕೈಗೆ ಹಗುರ, ಸೆಟ್ಟಿನಲ್ಲಿ ಎಲ್ಲರಿಗೂ ಕ್ಷೇಮ.

ಚಿತ್ರೀಕರಣ ನೋಡಲು ಮಾವನೂ ಕಾಪುವಿಗೆ ಬಂದಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅಳಿಯ ಕೊಡೆಯಡಿ ಕೂತು ಮರದ ಕೋವಿಗೆ ಬಣ್ಣ ಹಚ್ಚುತ್ತಿದ್ದ. ಕಂದು, ಕಪ್ಪು, ನಡುವೆ ಒಂದಿಷ್ಟು ಕೆಂಪು ಪುಡಿ. ಹಿಂಬದಿಯಲ್ಲಿ ಗಲ್ಲ ತಾಗುವ ಜಾಗಕ್ಕೆ ಸ್ವಲ್ಪ ಹೊಳಪು.

"ಎಂಥ ಮಾಡ್ತಿದ್ದಿ?" ಎಂದರು ಮಾವ.

"ಹಳತು ಮಾಡ್ತಿದ್ದೇನೆ ಮಾವ."

"ಆ ಕಾಲದಲ್ಲಿ ಹೊಸತೇ ಇತ್ತಲ್ಲ?"

ಅಳಿಯ ನಾಚಿ ನಕ್ಕ. ಮಾವ ಆ ಕೋವಿಯನ್ನು ಎತ್ತಿ ನೋಡಿದರು. ಮರದ್ದು ಎಂದು ಗೊತ್ತಿದ್ದೂ, ಅದರ ಬಾಯನ್ನು ಜನವಿಲ್ಲದ ಕಡಲಿನತ್ತ ತಿರುಗಿಸಿ ಹಿಡಿದಿದ್ದರು!